ಕೃತಿ ಸಂಪುಟ ಡಿಜಿಟಲ್ ಆಯಿತು, ಓದುವವರು ಯಾರು?

ಏಪ್ರಿಲ್ ಹತ್ತು ಕಳೆಯಿತೆಂದರೆ ಕರ್ನಾಟಕದ ಊರುಕೇರಿಗಳಲ್ಲಿ ಹಳೇ ಪೇಪರಿನವರ ಗಾಡಿಗೆ ಕೈತುಂಬ ಕೆಲಸ. ವರ್ಷವಿಡೀ ಮಕ್ಕಳು ಬರೆದ ನೋಟ್‌ಬುಕ್ಕುಗಳು ತಕ್ಕಡಿ ಏರುತ್ತವೆ. ಕಾಗುಣಿತ ತಿದ್ದಿದ್ದು, ಮೊದಲ ಸಲ ಸ್ವಂತವಾಗಿ ನಾಲ್ಕು ಸಾಲು ಬರೆದದ್ದು, ಮೇಷ್ಟ್ರು ಕೆಂಪು ಇಂಕಿನಲ್ಲಿ ಗೀಚಿದ್ದು ಎಲ್ಲವೂ ಕಿಲೋ ಲೆಕ್ಕದಲ್ಲಿ ಹೋಗುತ್ತವೆ. ಬೀರುವಿನಲ್ಲಿ ಭದ್ರವಾಗಿ ಉಳಿಯುವುದು ಅಂಕಪಟ್ಟಿಯೊಂದೇ. ಜೂನ್‌ನಲ್ಲಿ ಒತ್ತಕ್ಷರಕ್ಕೆ ತಡವರಿಸುತ್ತಿದ್ದ ಕೈ ಮಾರ್ಚ್ ಹೊತ್ತಿಗೆ ಪುಟ ತುಂಬಿಸಿದ್ದು ಹೇಗೆ ಎಂದು ಯಾರಾದರೂ ಕೇಳಿದರೆ ತೋರಿಸಲು ಮನೆಯಲ್ಲೂ ಏನಿಲ್ಲ, ಶಾಲೆಯಲ್ಲೂ ಏನಿಲ್ಲ.

ಈ ಕೊರತೆಯನ್ನು ತುಂಬಲೆಂದು ಬಂದದ್ದು ಪೋರ್ಟ್‌ಫೋಲಿಯೊ. ಕರ್ನಾಟಕದ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಅದು ‘ಕೃತಿ ಸಂಪುಟ’ ಎಂಬ ಹೆಸರಿನಲ್ಲಿ ಪರಿಚಿತ. ಮಗುವಿನ ಬರಹ, ಚಿತ್ರ, ಚಟುವಟಿಕೆಯ ಹಾಳೆಗಳನ್ನು ಕೂಡಿಡುವ ಕಡತ. ಈಗ ಆ ಕಡತ ಫೋನಿನೊಳಕ್ಕೆ, ಕ್ಲೌಡಿನೊಳಕ್ಕೆ ಹೋಗುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಮಗ್ರ ಪ್ರಗತಿ ಪತ್ರದ ಮಾತಾಡಿದ ಮೇಲೆ ಖಾಸಗಿ ಶಾಲೆಗಳ ಜಾಹೀರಾತುಗಳಲ್ಲೂ ‘ಡಿಜಿಟಲ್ ಪೋರ್ಟ್‌ಫೋಲಿಯೊ’ ಕಾಣಿಸಿಕೊಳ್ಳುತ್ತಿದೆ. ತಂತ್ರಜ್ಞಾನ ಹೊಸದಿರಬಹುದು. ಅದರ ಹಿಂದಿನ ವಾದಕ್ಕೆ ಮಾತ್ರ ಸಾಕಷ್ಟು ವಯಸ್ಸಾಗಿದೆ, ಮತ್ತು ಅದು ಒಂದೆರಡು ಕಡೆ ಚೆನ್ನಾಗಿಯೇ ಏಟು ತಿಂದಿದೆ.

ಮಕ್ಕಳ ಬರಹವನ್ನು ಪರೀಕ್ಷೆಯ ಉತ್ತರವಾಗಿ ನೋಡದೆ ಬರಹವಾಗಿಯೇ ನೋಡಬೇಕೆಂದು ಹೊರಟವರಲ್ಲಿ ಫ್ರಾನ್ಸಿನ ಹಳ್ಳಿ ಶಾಲೆಯ ಮೇಷ್ಟ್ರು ಸೆಲೆಸ್ತಿನ್ ಫ್ರೆನೆ ಪ್ರಮುಖ. 1920ರ ದಶಕದಲ್ಲಿ ಆತ ತರಗತಿಗೊಂದು ಪುಟ್ಟ ಮುದ್ರಣಯಂತ್ರ ತಂದು, ಮಕ್ಕಳು ಬರೆದದ್ದನ್ನು ಮಕ್ಕಳಿಂದಲೇ ಮೊಳೆ ಜೋಡಿಸಿ ಅಚ್ಚು ಹಾಕಿಸಿದ. ಕನ್ನಡ ಶಾಲೆಗಳ ಗೋಡೆ ಪತ್ರಿಕೆ, ಕೈಬರಹದ ಪತ್ರಿಕೆಗಳೂ ಇದೇ ಜಾಡಿನವು. ಭೋಪಾಲದ ಏಕಲವ್ಯ ಸಂಸ್ಥೆ 1985ರಲ್ಲಿ ಶುರುಮಾಡಿದ ‘ಚಕ್‌ಮಕ್’ ಹಿಂದಿ ಮಾಸಿಕದಲ್ಲಿ ಮಕ್ಕಳ ಬರಹಕ್ಕೇ ಪುಟಗಳು ಮೀಸಲಾಗಿದ್ದವು. ತನ್ನ ಬರಹವನ್ನು ಮೇಷ್ಟ್ರಲ್ಲದೆ ಮತ್ತೊಬ್ಬರೂ ಓದುತ್ತಾರೆಂದು ಗೊತ್ತಾದ ಮಗು ಬೇರೆಯೇ ರೀತಿಯಲ್ಲಿ ಬರೆಯುತ್ತದೆ. ಇದನ್ನು ಯಾವ ಶಿಕ್ಷಕರಿಗೂ ಹೇಳಿಕೊಡಬೇಕಿಲ್ಲ.

ಮೌಲ್ಯಮಾಪನದ ಅಂಗಳಕ್ಕೆ ಪೋರ್ಟ್‌ಫೋಲಿಯೊ ಕಾಲಿಟ್ಟದ್ದು ಅಮೆರಿಕದಲ್ಲಿ. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಎಲ್ಬೋ ಮತ್ತು ಪ್ಯಾಟ್ ಬೆಲನಾಫ್ ಎಂಬ ಅಧ್ಯಾಪಕರು ಒಂದು ತಕರಾರು ತೆಗೆದರು: ಗಡಿಯಾರ ನೋಡುತ್ತ, ಕೊಟ್ಟ ವಿಷಯದ ಮೇಲೆ, ಒಂದೇ ಪಟ್ಟಿಗೆ ಬರೆದ ಪ್ರಬಂಧದಿಂದ ಯಾರಿಗಾದರೂ ಬರೆಯಲು ಬರುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಹೇಗೆ? ಲೋಕದಲ್ಲಿ ಯಾವ ಬರಹಗಾರನೂ ಹಾಗೆ ಬರೆಯುವುದಿಲ್ಲವಲ್ಲ. ಅವರು ಆ ಪರೀಕ್ಷೆಯ ಜಾಗದಲ್ಲಿ, ವಿದ್ಯಾರ್ಥಿಗಳು ತಿದ್ದಿ ತೀಡಿ ಕೊಡುವ ಬರಹಗಳ ಕಟ್ಟನ್ನು ತಂದರು. 1986ರಲ್ಲಿ ಪ್ರಕಟವಾದ ಅವರ ಲೇಖನ ಅಮೆರಿಕದ ಬರವಣಿಗೆ ಬೋಧನೆಯಲ್ಲಿ ದೊಡ್ಡ ಅಲೆಯನ್ನೇ ಎಬ್ಬಿಸಿತು.

ಆ ಅಲೆ ಶಾಲೆಗಳನ್ನು ಮುಟ್ಟಿದಾಗ ಆದದ್ದನ್ನು ಇಂದಿನ ಭಾರತದ ಶಿಕ್ಷಣ ಇಲಾಖೆಗಳು ಸಾವಧಾನವಾಗಿ ಓದಬೇಕು. ವರ್ಮಾಂಟ್ ಎಂಬ ಪುಟ್ಟ ರಾಜ್ಯ 1990ರ ದಶಕದ ಆರಂಭದಲ್ಲಿ ನಾಲ್ಕನೇ ಮತ್ತು ಎಂಟನೇ ತರಗತಿಗಳಿಗೆ, ಗಣಿತ ಮತ್ತು ಬರವಣಿಗೆಯಲ್ಲಿ, ರಾಜ್ಯಮಟ್ಟದ ಪೋರ್ಟ್‌ಫೋಲಿಯೊ ಮೌಲ್ಯಮಾಪನ ತಂದಿತು. ಪ್ರತಿ ಮಗು ತನ್ನ ಅತ್ಯುತ್ತಮ ಬರಹವನ್ನು ತಾನೇ ಆರಿಸಿ, ಅದನ್ನೇ ಏಕೆ ಆರಿಸಿದೆ ಎಂದು ಪತ್ರ ಬರೆಯಬೇಕಿತ್ತು. ಕೇಳಲು ಎಷ್ಟು ಚೆಂದ! ರ‍್ಯಾಂಡ್ ಸಂಸ್ಥೆಯ ಡೇನಿಯಲ್ ಕೊರೆಟ್ಜ್ ಮತ್ತು ಸಂಗಡಿಗರು ಇದನ್ನು ಬೆನ್ನುಹತ್ತಿ ಅಧ್ಯಯನ ಮಾಡಿದರು. ಶಿಕ್ಷಕರ ಪಾಠದ ರೀತಿ ಬದಲಾಗಿದ್ದು ನಿಜ. ಮಕ್ಕಳು ಹೆಚ್ಚು ಬರೆಯತೊಡಗಿದ್ದೂ ನಿಜ. ಆದರೆ ಒಂದೇ ಕಡತಕ್ಕೆ ಇಬ್ಬರು ಮೌಲ್ಯಮಾಪಕರು ಕೊಟ್ಟ ಅಂಕಗಳು ಎಷ್ಟೋ ಸಲ ತಾಳೆಯಾಗಲಿಲ್ಲ. ಶಾಲೆ ಶಾಲೆಗಳನ್ನು ಹೋಲಿಸುವುದಿರಲಿ, ಒಂದು ಮಗುವಿನ ಅಂಕವನ್ನು ನಂಬುವುದೇ ಕಷ್ಟವಾಯಿತು.

ಕೆಂಟಕಿಯ ಕಥೆ ಇನ್ನೂ ಉದ್ದ. 1990ರ ಶಿಕ್ಷಣ ಸುಧಾರಣಾ ಕಾಯ್ದೆಯ ಬೆನ್ನಿಗೇ ಅಲ್ಲಿ ಬರವಣಿಗೆಯ ಪೋರ್ಟ್‌ಫೋಲಿಯೊವನ್ನು ಶಾಲೆಗಳ ಉತ್ತರದಾಯಿತ್ವದ ಲೆಕ್ಕಕ್ಕೆ ಸೇರಿಸಲಾಯಿತು. ಫಲಿತಾಂಶ ಏರಿದರೆ ಶಾಲೆಗೆ ಬಹುಮಾನದ ಹಣ, ಇಳಿದರೆ ಕ್ರಮ. ಅಂಕಕ್ಕೆ ದುಡ್ಡು ಗಂಟು ಹಾಕಿದ ಮೇಲೆ ಆಗುವುದೆಲ್ಲ ಆಯಿತು. ಅದೇ ಬರಹವನ್ನು ಮಗುವಿನ ಕೈಯಲ್ಲಿ ಮತ್ತೆ ಮತ್ತೆ ತಿದ್ದಿಸುವುದು, ಅಳತೆಗೋಲಿಗೆ ಒಪ್ಪುವ ಮಾದರಿಗೇ ಅಂಟಿಕೊಳ್ಳುವುದು, ತಿಂಗಳುಗಟ್ಟಲೆ ಪಾಠದ ಸಮಯವನ್ನು ಕಡತಕ್ಕೇ ಸುರಿಯುವುದು. ಶಿಕ್ಷಕರ ದೂರುಗಳು ಕಡಿಮೆಯಾಗಲೇ ಇಲ್ಲ. ಕೊನೆಗೆ 2009ರ ಶಾಸನವೊಂದು ಪೋರ್ಟ್‌ಫೋಲಿಯೊವನ್ನು ಉತ್ತರದಾಯಿತ್ವದ ಅಂಕಗಳಿಂದ ಹೊರಗಿಟ್ಟಿತು, ಪಾಠದ ಸಾಧನವಾಗಿ ಮಾತ್ರ ಉಳಿಸಿಕೊಂಡಿತು.

ಅಂಕಗಳ ತಾಳಮೇಳದ ಸಮಸ್ಯೆಗೆ ಪರಿಹಾರ ಇಲ್ಲವೆಂದಲ್ಲ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ರಿಚರ್ಡ್ ಕಿಂಬೆಲ್ ತಂಡ 2000ರ ದಶಕದಲ್ಲಿ ವಿದ್ಯಾರ್ಥಿಗಳ ಡಿಜಿಟಲ್ ಕಡತಗಳಿಗೆ ಅಂಕ ಕೊಡುವುದನ್ನೇ ಬಿಟ್ಟು, ಎರಡೆರಡನ್ನು ಪಕ್ಕಪಕ್ಕ ಇಟ್ಟು ಯಾವುದು ಮೇಲು ಎಂದಷ್ಟೇ ಹಲವು ತೀರ್ಪುಗಾರರನ್ನು ಕೇಳಿತು. ಮನಶ್ಶಾಸ್ತ್ರಜ್ಞ ಥರ್‌ಸ್ಟನ್ 1927ರಲ್ಲೇ ಮಂಡಿಸಿದ್ದ ಸೂತ್ರ ಇದರ ತಳಹದಿ. ಇಂಥ ಸಾವಿರಾರು ಜೋಡಿ ತೀರ್ಪುಗಳಿಂದ ಕಂಪ್ಯೂಟರ್ ಕಟ್ಟಿಕೊಡುವ ಶ್ರೇಣಿ, ಒಬ್ಬೊಬ್ಬರೇ ಕೂತು ಹಾಕಿದ ಅಂಕಕ್ಕಿಂತ ಎಷ್ಟೋ ನಂಬಲರ್ಹ. ಇಂಗ್ಲೆಂಡಿನ ಶಾಲೆಗಳಲ್ಲಿ ಮಕ್ಕಳ ಬರಹಕ್ಕೆ ಈ ವಿಧಾನ ಈಗ ಬಳಕೆಯಲ್ಲಿದೆ. ಹಾಗಿದ್ದೂ, ಸಂಪುಟದ ಮೊದಲ ಕೆಲಸ ಶ್ರೇಣಿ ಕೊಡುವುದೇ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಡಿಜಿಟಲ್ ಅವತಾರದ ಚರಿತ್ರೆಯನ್ನು ಬೇಗ ಹೇಳಿ ಮುಗಿಸಬಹುದು. ಅಮೆರಿಕದ ಹೆಲೆನ್ ಬ್ಯಾರೆಟ್ ಈ ಕ್ಷೇತ್ರದ ಮೊದಲಿಗರಲ್ಲಿ ಒಬ್ಬರು. ಸಂಪುಟಕ್ಕೆ ಕೆಲಸದ ಕೋಣೆ ಮತ್ತು ಪ್ರದರ್ಶನದ ಪಡಸಾಲೆ ಎಂಬ ಎರಡು ಮುಖಗಳಿವೆ, ಒಂದು ಇನ್ನೊಂದನ್ನು ನುಂಗಬಾರದು ಎಂದು ಅವರು ಎಚ್ಚರಿಸಿದ್ದರು. ನ್ಯೂಜಿಲೆಂಡಿನ ಕೆಲವು ವಿಶ್ವವಿದ್ಯಾಲಯಗಳು ಸೇರಿ 2006ರಲ್ಲಿ ‘ಮಹಾರಾ’ ಎಂಬ ಮುಕ್ತ ತಂತ್ರಾಂಶ ಕಟ್ಟಿದವು.  ಪುಟಾಣಿಗಳ ತರಗತಿಗೆ ‘ಸೀಸಾ’ ಆ್ಯಪ್ ಬಂತು. ಉಳಿದವರು ಗೂಗಲ್ ಸೈಟ್ಸ್‌ನಲ್ಲೋ ಪ್ಯಾಡ್ಲೆಟ್‌ನಲ್ಲೋ ಕೆಲಸ ಸಾಗಿಸಿದರು. ವಲಸಿಗರ ಮಕ್ಕಳೇ ಹೆಚ್ಚಿರುವ ನ್ಯೂಯಾರ್ಕಿನ ಲಾಗಾರ್ಡಿಯಾ ಸಮುದಾಯ ಕಾಲೇಜು ಇದನ್ನು ಇಡೀ ಸಂಸ್ಥೆಗೆ ಹಬ್ಬಿಸಿ ಹೆಸರಾಯಿತು. 2016ರಲ್ಲಿ ಅಮೆರಿಕದ ಕಾಲೇಜು-ವಿಶ್ವವಿದ್ಯಾಲಯಗಳ ಸಂಘ ಇ-ಪೋರ್ಟ್‌ಫೋಲಿಯೊವನ್ನು ಹೆಚ್ಚು ಪರಿಣಾಮ ಬೀರುವ ಹನ್ನೊಂದನೇ ಬೋಧನಾ ಕ್ರಮವೆಂದು ತನ್ನ ಪಟ್ಟಿಗೆ ಸೇರಿಸಿತು.

ಇಷ್ಟಕ್ಕೂ ಒಳ್ಳೆಯ ಸಂಪುಟದಲ್ಲಿ ಏನಿರುತ್ತದೆ? ಐದನೇ ತರಗತಿಯ ಹುಡುಗಿಯೊಬ್ಬಳು ‘ನಮ್ಮೂರ ಜಾತ್ರೆ’ ಎಂಬ ಪ್ರಬಂಧ ಬರೆಯುತ್ತಾಳೆಂದು ಇಟ್ಟುಕೊಳ್ಳೋಣ. ಮೊದಲ ಸಲ ಬರುವುದು ಎಲ್ಲರಿಗೂ ಗೊತ್ತಿರುವ ಐದು ಸಾಲು: ಜಾತ್ರೆ ಪ್ರತಿ ವರ್ಷ ನಡೆಯುತ್ತದೆ, ಜನರು ಬರುತ್ತಾರೆ, ಅಂಗಡಿಗಳು ಇರುತ್ತವೆ, ತೇರು ಎಳೆಯುತ್ತಾರೆ, ನನಗೆ ಜಾತ್ರೆ ಎಂದರೆ ಇಷ್ಟ. ಹಕಾರ ಇರಬೇಕಾದ ಕಡೆ ಅಕಾರ, ಅಕಾರದ ಕಡೆ ಹಕಾರ. ಫೋಟೊ ತೆಗೆದು, ತಾರೀಕು ಹಾಕಿ ಇಟ್ಟಾಯಿತು. ಟೀಚರು ತಪ್ಪಿಗೆ ಸುತ್ತು ಹಾಕುವ ಬದಲು ಬದಿಯಲ್ಲಿ ಒಂದು ಪ್ರಶ್ನೆ ಬರೆಯುತ್ತಾರೆ: ‘ತೇರಿನ ಹಗ್ಗ ಹಿಡಿದಾಗ ನಿನ್ನ ಕೈಗೆ ಏನಾಯಿತು?’ ಎರಡನೇ ಸಲದ ಬರಹದಲ್ಲಿ ಹಗ್ಗದ ನಾರು ಚುಚ್ಚಿದ್ದು ಬರುತ್ತದೆ, ಅಜ್ಜ ಹೆಗಲ ಮೇಲೆ ಕೂರಿಸಿಕೊಂಡದ್ದು ಬರುತ್ತದೆ, ಬೆಂಡು-ಬತ್ತಾಸಿನ ಅಂಗಡಿಯವನ ಕೂಗು ಬರುತ್ತದೆ. ಮೂರನೇ ಸಲ ಅವಳೇ ಮೊದಲ ಎರಡು ಸಾಲು ಹೊಡೆದುಹಾಕಿ, ಸೀದಾ ಹಗ್ಗದಿಂದ ಶುರುಮಾಡುತ್ತಾಳೆ. ಕೊನೆಗೆ ಅರ್ಧ ನಿಮಿಷದ ಧ್ವನಿಮುದ್ರಣದಲ್ಲಿ, ಯಾಕೆ ಹಾಗೆ ಮಾಡಿದೆ ಎಂದು ತನ್ನ ಮಾತಿನಲ್ಲಿ ಹೇಳುತ್ತಾಳೆ.

ಮೂರನೆಯ ಪ್ರತಿ ಒಂದನ್ನೇ ಇಟ್ಟರೆ ಅದು ಪ್ರದರ್ಶನ. ಮೂರೂ ಪ್ರತಿ, ಟೀಚರ ಪ್ರಶ್ನೆ, ಹುಡುಗಿಯ ಮಾತು ಒಟ್ಟಿಗೆ ಇದ್ದರೆ ಕಲಿಕೆ ಹೆಜ್ಜೆ ಹೆಜ್ಜೆಯಾಗಿ ಕಣ್ಣೆದುರು ಬರುತ್ತದೆ. ಕಾಗದದ ಕಡತಕ್ಕೆ ಧ್ವನಿ ಇರಲಿಲ್ಲ. ನೂರು ಮಕ್ಕಳ ಮೂರು ಮೂರು ಪ್ರತಿಗಳನ್ನು ಇಡಲು ಕಪಾಟೂ ಇರಲಿಲ್ಲ. ಡಿಜಿಟಲ್ ಮಾಧ್ಯಮ ನಿಜಕ್ಕೂ ಉಪಕಾರ ಮಾಡಿರುವುದು ಇಲ್ಲಿ.

ಅಮೆರಿಕದ ಐಡಹೋ ರಾಜ್ಯದ ಶಾಲೆಯೊಂದರಿಂದ ಬಂದ ಚಿಟ್ಟೆಯ ಚಿತ್ರಗಳು ಈ ಕಾರಣಕ್ಕೇ ಜಗತ್ಪ್ರಸಿದ್ಧ. ಒಂದನೇ ತರಗತಿಯ ಹುಡುಗನೊಬ್ಬ ಫೋಟೊ ನೋಡಿ ಬಿಡಿಸಿದ ಚಿಟ್ಟೆ ಮೊದಲು ಯಾವ ಮಗುವಾದರೂ ಗೀಚುವಂಥದ್ದು. ಗೆಳೆಯರ ಸಲಹೆ ಕೇಳಿ ಕೇಳಿ ತಿದ್ದಿದ ಆರನೆಯ ಪ್ರತಿ ವಿಜ್ಞಾನದ ಪುಸ್ತಕದಿಂದ ಎದ್ದು ಬಂದಂತಿದೆ. ಶಿಕ್ಷಣತಜ್ಞ ರಾನ್ ಬರ್ಗರ್ ಆ ಆರೂ ಚಿತ್ರಗಳನ್ನು ಊರೂರಿಗೆ ಒಯ್ದು ಮಕ್ಕಳಿಗೆ ತೋರಿಸುತ್ತಾರೆ. ಕೊನೆಯದೊಂದನ್ನೇ ತೋರಿಸಿದ್ದರೆ ‘ಅವನು ಬುದ್ಧಿವಂತ’ ಎಂದು ಸುಮ್ಮನಾಗುತ್ತಿದ್ದ ಮಕ್ಕಳು, ಆರನ್ನೂ ನೋಡಿ ‘ಇದು ನಮ್ಮ ಕೈಲೂ ಆಗುತ್ತದೆ’ ಅನ್ನುತ್ತಾರೆ.

ಇಲ್ಲಿ ಅಂಕಕ್ಕೆ ಜಾಗ ಎಲ್ಲಿ? ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗ ಶಿಕ್ಷಕರ ತರಬೇತಿಗಳಲ್ಲಿ ಈಗಲೂ ಚರ್ಚೆಯಾಗುತ್ತದೆ. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಇನ್ನು ಕೆಲವರಿಗೆ ಎರಡನ್ನೂ ಕೊಟ್ಟು ನೋಡಿದರು. ಸುಧಾರಿಸಿದ್ದು ಟಿಪ್ಪಣಿ ಮಾತ್ರ ಪಡೆದವರು. ಎರಡನ್ನೂ ಪಡೆದವರು ಬರೀ ಅಂಕ ಪಡೆದವರಂತೆಯೇ ಇದ್ದಲ್ಲೇ ಉಳಿದರು, ಏಕೆಂದರೆ ಅಂಕ ಕಂಡ ಕಣ್ಣು ಟಿಪ್ಪಣಿಯತ್ತ ಹೊರಳುವುದು ಅಪರೂಪ. ಹತ್ತಕ್ಕೆ ಎಷ್ಟು ಎಂದು ನೋಡಿ ಪುಸ್ತಕ ಮುಚ್ಚುವ ಅಭ್ಯಾಸ ಕನ್ನಡದ ಮಕ್ಕಳಿಗೂ ಇದೆ, ಅವರ ಅಪ್ಪ-ಅಮ್ಮಂದಿರಿಗೆ ಇನ್ನೂ ಹೆಚ್ಚು.

ಭಾರತದ ಅನುಭವ ಈ ಬೆಳಕಿನಲ್ಲಿ ಕುತೂಹಲ ಹುಟ್ಟಿಸುತ್ತದೆ. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು (ಸಿಸಿಇ) ಕಾನೂನಿನ ಮಾತಾಗಿಸಿತು. ಅದೇ ಸಿಸಿಇಯ ಜೊತೆ ಕರ್ನಾಟಕದ ಶಾಲೆಗಳಿಗೆ ಕೃತಿ ಸಂಪುಟವೂ ಬಂತು. ಉದ್ದೇಶ ಒಳ್ಳೆಯದೇ. ಆದರೆ ಅನೇಕ ಕಡೆ ಅದು ತೋರಿಕೆಯ ಕಡತವಾಗಿ ಹೋಯಿತು. ಬಣ್ಣದ ಹಾಳೆ, ಸ್ಕೆಚ್ ಪೆನ್ನಿನ ಅಂಚು, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಮಹನೀಯರ ಚಿತ್ರ, ಗೈಡಿನಿಂದ ನಕಲು ಮಾಡಿದ ಕವಿ ಪರಿಚಯ. ನಲವತ್ತು ಮಕ್ಕಳ ನಲವತ್ತು ಕಡತಗಳಲ್ಲೂ ಅದೇ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬಂದಾಗ ಮೇಜಿನ ಮೇಲೆ ಇಡಲು ಅನುಕೂಲ. ಕೇಂದ್ರೀಯ ಮಂಡಳಿ ಸಿಬಿಎಸ್‌ಇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2019-20ರಿಂದ ಒಂಬತ್ತು-ಹತ್ತನೇ ತರಗತಿಗಳ 20 ಆಂತರಿಕ ಅಂಕಗಳಲ್ಲಿ 5ನ್ನು ಪೋರ್ಟ್‌ಫೋಲಿಯೊಗೇ ಎತ್ತಿಟ್ಟಿತು. ಐದು ಅಂಕಕ್ಕೆ ಯಾವ ಶಾಲೆ ತಾನೇ ತನ್ನ ಮಕ್ಕಳಿಗೆ ಮೂರು ಕೊಟ್ಟೀತು? ವರ್ಮಾಂಟ್‌ನಲ್ಲಿ ಮೌಲ್ಯಮಾಪಕರ ನಡುವೆ ಭಿನ್ನಾಭಿಪ್ರಾಯವಾದರೂ ಇತ್ತು.

ಇದಕ್ಕಿಂತ ಮುಂಚೆಯೇ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ರಿಷಿವ್ಯಾಲಿ ಶಾಲೆಯ ಪ್ರಯೋಗಗಳಿಂದ ಪ್ರೇರಣೆ ಪಡೆದ ಶಿಕ್ಷಕರು ಚಟುವಟಿಕೆ ಆಧಾರಿತ ‘ನಲಿಕಲಿ’ ಕ್ರಮವನ್ನು ಶುರುಮಾಡಿದ್ದರು. ಅಲ್ಲಿನ ಕಲಿಕಾ ಏಣಿ ಮತ್ತು ‘ಪ್ರಗತಿ ನೋಟ’ದ ಪಟ್ಟಿ ನೋಡಿದರೆ ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದು ತಿಳಿಯುತ್ತದೆ. ಮಗುವನ್ನು ಪಕ್ಕದ ಮಗುವಿನ ಜೊತೆ ಅಳೆಯದೆ ಅದರದೇ ನಿನ್ನೆಯ ಜೊತೆ ಅಳೆಯುವ ಈ ಕ್ರಮ ಕೃತಿ ಸಂಪುಟದ ತಿರುಳೂ ಹೌದು. ಕಂಪ್ಯೂಟರಿನ ನೆರಳೂ ಬೀಳದ ತರಗತಿಗಳಲ್ಲಿ ಅದು ನಡೆಯಿತು ಎಂಬುದನ್ನು ಆ್ಯಪ್ ಮಾರಲು ಬರುವವರಿಗೆ ನೆನಪಿಸುವುದು ಒಳ್ಳೆಯದು.

ಈಗಿನ ಸಮಗ್ರ ಪ್ರಗತಿ ಪತ್ರವನ್ನು ರೂಪಿಸುತ್ತಿರುವುದು ಎನ್‌ಸಿಇಆರ್‌ಟಿಯ ಅಂಗವಾದ ‘ಪರಖ್’. ಶಿಕ್ಷಕರ ಮಾತಿನ ಜೊತೆಗೆ ಮಗು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಜಾಗ, ಸಹಪಾಠಿಯ ಮಾತು, ಪೋಷಕರ ಅನಿಸಿಕೆ ಎಲ್ಲಕ್ಕೂ ಅದರಲ್ಲಿ ಅವಕಾಶವಿದೆ. ಕಾಗದದ ಮೇಲೆ ಇದು ಇಲ್ಲಿಯವರೆಗಿನ ಪ್ರಗತಿ ಪತ್ರಗಳಲ್ಲೇ ಉತ್ತಮ. ಅಡಚಣೆ ಇರುವುದು ತರಗತಿಯಲ್ಲಿ. 2023-24ರ ಯುಡೈಸ್ (ಶಾಲೆಗಳ ಸರ್ಕಾರಿ ಮಾಹಿತಿ ಸಂಗ್ರಹ) ಅಂಕಿಅಂಶದ ಪ್ರಕಾರ ದೇಶದ ಶಾಲೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ. 57.2ರಲ್ಲಿ, ಇಂಟರ್ನೆಟ್ ಇದ್ದದ್ದು ಶೇ. 53.9ರಲ್ಲಿ. ಉಳಿದ ಕಡೆ ‘ಡಿಜಿಟಲ್’ ಎಂದರೆ ಟೀಚರ ಸ್ವಂತ ಫೋನು, ಸ್ವಂತ ಡೇಟಾ. ಮಕ್ಕಳ ಕಡೆಯ ಚಿತ್ರ ಬೇರೆ: ಅಸರ್ ಎಂಬ ಶಿಕ್ಷಣ ಸಮೀಕ್ಷೆಯ 2024ರ ವರದಿಯಂತೆ ಗ್ರಾಮೀಣ ಭಾರತದ 14ರಿಂದ 16ರ ವಯಸ್ಸಿನವರಲ್ಲಿ ಶೇ. 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಅದನ್ನು ಬಳಸಿದವರು ಶೇ. 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ. 76.

ಕನ್ನಡ ಬರಹಕ್ಕೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ಮಾಧ್ಯಮದ ಕೆಲವು ಮಕ್ಕಳಾದರೂ ಕೀಬೋರ್ಡಿನಲ್ಲಿ ಟೈಪು ಮಾಡುತ್ತ ಬೆಳೆಯುತ್ತಾರೆ. ಕನ್ನಡ ಮಾಧ್ಯಮದ ಮಗು ಬರೆಯುವುದು ಕೈಯಲ್ಲೇ. ಟೈಪು ಮಾಡಿದ್ದೇ ಸಂಪುಟಕ್ಕೆ ಯೋಗ್ಯ ಎಂಬ ನಿಯಮ ಬಂದರೆ ಬೆಳೆಯುವುದು ಮಗುವಿನ ಬರಹವಲ್ಲ, ಟೈಪಿಂಗ್ ಸೆಂಟರಿನವರ ಸಂಪಾದನೆ. ಕೈಬರಹದ ಫೋಟೊ ಸಾಕು, ಅದೇ ಒಳ್ಳೆಯದು ಕೂಡ: ಅಕ್ಷರ ದುಂಡಗಾದದ್ದು, ಒತ್ತು ಸರಿಯಾದ ಜಾಗಕ್ಕೆ ಬಂದದ್ದು ಅದರಲ್ಲಿ ಮಾತ್ರ ಕಾಣುತ್ತದೆ. ದೊಡ್ಡ ತರಗತಿಗಳಲ್ಲಿ ಟೈಪು ಮಾಡಿಸುವುದಾದರೆ ಯೂನಿಕೋಡಿನಲ್ಲೇ ಮಾಡಿಸಬೇಕು. ಹಳೆಯ ‘ನುಡಿ’, ‘ಬರಹ’ ಫಾಂಟುಗಳಲ್ಲಿ ಉಳಿದುಹೋದ ಎಷ್ಟೋ ಕಡತಗಳು ಇಂದಿನ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತವೆ.

ಕಡತದ ಆಯಸ್ಸಿನ ಪ್ರಶ್ನೆಯೂ ಸಣ್ಣದಲ್ಲ. ಸಾವಿರಾರು ತರಗತಿಗಳು ನೆಚ್ಚಿಕೊಂಡಿದ್ದ ವಿಕಿಸ್ಪೇಸಸ್ 2018ರಲ್ಲಿ ಬಾಗಿಲು ಹಾಕತೊಡಗಿತು. ಮಕ್ಕಳ ವಿಡಿಯೊ ಉತ್ತರಗಳಿಗೆ ಹೆಸರಾಗಿದ್ದ ಫ್ಲಿಪ್ ಅನ್ನು ಮೈಕ್ರೋಸಾಫ್ಟ್ 2024ರಲ್ಲಿ ನಿಲ್ಲಿಸಿತು. ಒಂದನೇ ತರಗತಿಯಲ್ಲಿ ಶುರುವಾದ ಸಂಪುಟ ಹತ್ತನೇ ತರಗತಿ ಮುಟ್ಟಬೇಕಾದರೆ ಕಂಪನಿಯ ಆಯುಷ್ಯವನ್ನು ನಂಬಿ ಕೂರಲಾಗದು. ವರ್ಷಕ್ಕೊಮ್ಮೆ ಎಲ್ಲವನ್ನೂ ಸಾದಾ ಪಿಡಿಎಫ್ ಮತ್ತು ಧ್ವನಿ ಕಡತಗಳಾಗಿ ಇಳಿಸಿ ಮನೆಯವರ ಕೈಗೆ ಕೊಡುವುದೇ ಕ್ಷೇಮ.

ಖಾಸಗಿತನದ ವಿಷಯ ಇನ್ನೂ ಗಂಭೀರ. ಮಗುವಿನ ಬರಹದಲ್ಲಿ ಮನೆಯ ಜಗಳ ಬರುತ್ತದೆ, ಅಪ್ಪನ ಕುಡಿತ ಬರುತ್ತದೆ, ಜಾತಿಯ ಅವಮಾನ ಬರುತ್ತದೆ. ಒಳ್ಳೆಯ ಬರಹದಲ್ಲೇ ಹೆಚ್ಚಾಗಿ ಬರುತ್ತದೆ. ಹ್ಯೂಮನ್ ರೈಟ್ಸ್ ವಾಚ್ 2022ರಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ್ದ 164 ಶೈಕ್ಷಣಿಕ ಆ್ಯಪ್ ಮತ್ತು ತಾಣಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಶೇ. 89ರಷ್ಟು ಮಕ್ಕಳ ಹಕ್ಕಿಗೆ ಅಪಾಯ ತರುವಂತಿವೆ ಎಂದಿತು. ಮರುವರ್ಷ ಜನವರಿಯಲ್ಲಿ, ಕೇಂದ್ರದ ‘ದೀಕ್ಷಾ’ ವೇದಿಕೆಯ ಮಾಹಿತಿ ಭದ್ರತೆಯಿಲ್ಲದ ಸರ್ವರಿನಲ್ಲಿ ಬಿದ್ದಿತ್ತೆಂದೂ 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ವಿವರ ಬಯಲಿಗೆ ತೆರೆದಿತ್ತೆಂದೂ ವರದಿಯಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಪೋಷಕರು ಒಪ್ಪಿದರೂ, ಈ ಪುಟ ಯಾರಿಗೂ ಬೇಡ ಎಂದು ಹೇಳುವ ಹಕ್ಕು ಬರೆದ ಮಗುವಿಗೆ ಇರಲೇಬೇಕು.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಸಂಪುಟದ ಬೆಲೆ ಏರಿದೆ ಎಂಬುದು ಹಲವರ ಮಾತು. ಅದರಲ್ಲಿ ಹುರುಳಿದೆ. ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಬಂತು. ಅದರ ಬರಹವನ್ನು ಪತ್ತೆ ಹಚ್ಚಲೆಂದು ಅದನ್ನು ತಯಾರಿಸಿದ ಕಂಪನಿಯೇ ತಂದ ಸಾಧನವನ್ನು, ನಿಖರತೆ ಸಾಲದೆಂದು, 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಪರೀಕ್ಷಿಸಿದಾಗ, ಇಂಗ್ಲಿಷ್ ಮನೆಮಾತಲ್ಲದವರು ಬರೆದ ಟೋಫೆಲ್ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂಥ ಪತ್ತೆದಾರಿ ತಂತ್ರಾಂಶಗಳು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದವು. ಬೆಂಗಳೂರಿನ ಕಾಲೇಜು ಹುಡುಗರಿಗೂ ಇದು ಸಂಬಂಧಿಸಿದ ಸುದ್ದಿ. ಪತ್ತೆದಾರಿಕೆಗಿಂತ, ಮೊದಲ ಗೀಚಿನಿಂದ ಕೊನೆಯ ಪ್ರತಿಯವರೆಗಿನ ಹಾದಿಯನ್ನು ಕಂಡಿರುವ ಶಿಕ್ಷಕರ ಕಣ್ಣು ಹೆಚ್ಚು ನಂಬಿಕಸ್ತ.

ಆದರೆ ಆ ಕಣ್ಣಿಗೆ ಪುರುಸೊತ್ತು ಬೇಕು. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರ ಎರಡು ಪುಟಕ್ಕೆ ಐದು ನಿಮಿಷ ಕೊಟ್ಟರೂ ಐದು ಗಂಟೆ. ಅದರ ಮೇಲೆ ಇಲಾಖೆಯ ವಿದ್ಯಾರ್ಥಿ ದಾಖಲೆ ತಂತ್ರಾಂಶವಾದ ಎಸ್‌ಎಟಿಎಸ್‌ನಲ್ಲಿ ಅಂಕ ತುಂಬುವುದು, ಬಿಸಿಯೂಟದ ಲೆಕ್ಕ, ನಡೆದ ಕಾರ್ಯಕ್ರಮದ ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಕಳಿಸುವುದು. ಇಂಥ ಶಿಕ್ಷಕರಿಗೆ ‘ಪ್ರತಿ ಮಗುವಿನ ತಿಂಗಳ ನಾಲ್ಕು ಕೃತಿ ಅಪ್‌ಲೋಡ್ ಮಾಡಿ’ ಎಂಬ ಸುತ್ತೋಲೆ ಬಂದರೆ ಅಪ್‌ಲೋಡ್ ಖಂಡಿತ ಆಗುತ್ತದೆ. ಓದು ಆಗುವುದಿಲ್ಲ.

ಆದ್ದರಿಂದ ಕರ್ನಾಟಕದಲ್ಲಿ ಇದನ್ನು ತರುವವರು ಸಣ್ಣದಾಗಿ ತರಲಿ. ವರ್ಷಕ್ಕೆ ಮಗುವೊಂದಕ್ಕೆ ಮೂರೇ ಬರಹ ಸಾಕು, ಪ್ರತಿಯೊಂದರ ಎಲ್ಲ ಪ್ರತಿಗಳೊಂದಿಗೆ, ಆಯ್ಕೆ ಮಗುವಿನದು. ವೇಳಾಪಟ್ಟಿಯಲ್ಲಿ ವಾರಕ್ಕೊಂದು ಪಿರಿಯಡ್ಡನ್ನು ಬರೆಯಲು, ಒಬ್ಬರದನ್ನೊಬ್ಬರು ಓದಲು ಬಿಡಲಿ. ‘ಸಮುದಾಯದತ್ತ ಶಾಲೆ’ ಎಂಬ ಪೋಷಕರ ಸಭೆಗೆ ಅಪ್ಪ-ಅಮ್ಮ ಬಂದಾಗ ಅಂಕಪಟ್ಟಿಗೆ ಸಹಿ ಹಾಕಿಸಿ ಕಳಿಸುವ ಬದಲು ಮಗುವೇ ಎದುರು ಕೂತು ತನ್ನ ಮೂರು ಬರಹಗಳನ್ನು ತೋರಿಸಿ ಮಾತಾಡಲಿ, ಓದುಬರಹ ಬಾರದ ಪೋಷಕರಿಗೆ ಧ್ವನಿಮುದ್ರಣವಿದೆ. ಇಲಾಖೆ ಇದಕ್ಕೆ ಅಂಕ ಇಡಬಾರದು, ಎಸ್‌ಎಟಿಎಸ್‌ನಲ್ಲಿ ಇದಕ್ಕೊಂದು ಹೊಸ ಕಾಲಂ ತೆರೆಯಲೂ ಬಾರದು.